500 ಕಡೆ ಲಿಂಕ್ ಹಾಕಿಸಿದರೆ ಫೋನ್ ಬರುತ್ತದೆಯೇ?

ಶಿರೂರಿನಿಂದ ಬ್ರಹ್ಮಾವರದವರೆಗೆ ಹೆದ್ದಾರಿ 66ರ ಆಚೀಚೆ ಹೋಂಸ್ಟೇ ಇಟ್ಟವರು, ಕ್ಯಾಟರಿಂಗ್ ಮಾಡುವವರು, ಗೇರುಬೀಜ ಪ್ಯಾಕ್ ಮಾಡಿ ಮಾರುವವರು, ಟ್ಯಾಕ್ಸಿ ಓಡಿಸುವವರು ಎಷ್ಟೋ ಮಂದಿ ಈಗ ವೆಬ್‌ಸೈಟ್ ಮಾಡಿಸಿಕೊಂಡಿದ್ದಾರೆ. ಒಳ್ಳೆಯದೇ. ಆದರೆ ವೆಬ್‌ಸೈಟಿನ ಬೆನ್ನಿಗೇ ಒಂದು ನಂಬಿಕೆಯೂ ಬಂದು ಕೂತಿದೆ: ಲಿಂಕನ್ನು 500 ಸೋಶಿಯಲ್ ಬುಕ್‌ಮಾರ್ಕಿಂಗ್ ಸೈಟುಗಳಿಗೆ ಹಾಕಿಸಿದರೆ ಗೂಗಲಿನ ಮೊದಲ ಪುಟ ಗ್ಯಾರಂಟಿ. ಇದನ್ನು ಹೇಳಿದವನು ಅದೇ ಕೆಲಸಕ್ಕೆ ದುಡ್ಡು ತೆಗೆದುಕೊಳ್ಳುವವನು ಎಂಬುದನ್ನು ಮಾತ್ರ ಯಾರೂ ಗಮನಿಸಿದಂತಿಲ್ಲ.

ಬೈಂದೂರು ಕಡೆಯ ಹೋಂಸ್ಟೇಯವರೊಬ್ಬರು ತಮಗೆ ಬಂದ ‘ರಿಪೋರ್ಟ್’ ತೋರಿಸಿದರು. “ಹ್ವಾಯ್, ಐನೂರು ಕಡೆ ಹಾಕಿದ್ರಂಬ್ರ್. ಒಂದ್ ಫೋನೂ ಬರ್ಲಿಲ್ಲ ಮಾರಾಯ್ರೆ” ಎಂಬುದು ಅವರ ದೂರು. ರಿಪೋರ್ಟ್ ಎಂದರೆ ಒಂದು ಎಕ್ಸೆಲ್ ಶೀಟ್. ಮೊದಲ ಕಾಲಮ್ಮಿನಲ್ಲಿ ಸೈಟಿನ ಹೆಸರು, ಎರಡನೆಯದರಲ್ಲಿ ಲಿಂಕ್, ಮೂರನೆಯದರಲ್ಲಿ ‘ಡಿಎ’ ಎಂಬ ತಲೆಬರಹದಡಿ 60, 72, 91 ಎಂದು ಅಂಕಿಗಳು, ಕೊನೆಯಲ್ಲಿ ಹಸಿರು ಬಣ್ಣ ತುಂಬಿದ ‘ಲೈವ್’. ನೋಡಲು ಬಹಳ ಶಿಸ್ತಾಗಿತ್ತು. ನಡುವಿನ ಒಂದು ಲಿಂಕ್ ಒತ್ತಿದೆ. ತೆರೆದ ಪುಟದಲ್ಲಿ ಮೇಲೆ ಕ್ಯಾಸಿನೊ, ಕೆಳಗೆ ತೂಕ ಇಳಿಸುವ ಮಾತ್ರೆ, ಮಧ್ಯದಲ್ಲಿ ಇವರ ಹೋಂಸ್ಟೇ. ‘ಬೆಸ್ಟ್ ಹೋಂಸ್ಟೇ ಇನ್ ಬೈಂದೂರು’ ಎಂಬ ಸಾಲು ಮೂರು ಮೂರು ಸಲ. ಇನ್ನೊಂದು ಒತ್ತಿದರೆ ಅದೇ ಸಾಲು, ಪುಟದ ಬಣ್ಣ ಮಾತ್ರ ಬೇರೆ. ಮತ್ತೊಂದು ತೆರೆಯಲೇ ಇಲ್ಲ. ಶೀಟಿನಲ್ಲಿ ಅದೂ ‘ಲೈವ್’. ತೆರೆದ ಪುಟಗಳ ಸೋರ್ಸ್ ಕೋಡ್ ನೋಡಿದರೆ ಲಿಂಕಿನ ಪಕ್ಕದಲ್ಲಿ ‘ನೋಫಾಲೋ’ ಎಂದಿತ್ತು. ಅಂದರೆ ಈ ಲಿಂಕಿಗೂ ನನಗೂ ಸಂಬಂಧವಿಲ್ಲ ಎಂದು ಆ ಸೈಟೇ ಗೂಗಲ್‌ಗೆ ಹೇಳಿ ಕೈತೊಳೆದುಕೊಂಡಿದೆ.

ಇಂಥ ಪುಟಗಳನ್ನು ಓದುವವರು ಯಾರು? ಅಲ್ಲಿಗೆ ಬರುವವನು ತನ್ನ ಲಿಂಕ್ ಹಾಕಲು ಬಂದ ಇನ್ನೊಬ್ಬ. ಅವನೂ ಓದುವುದಿಲ್ಲ.

ಹಾಗಂತ ಸೋಶಿಯಲ್ ಬುಕ್‌ಮಾರ್ಕಿಂಗ್ ಹುಟ್ಟಿನಿಂದಲೇ ಟೊಳ್ಳು ವ್ಯವಹಾರವಲ್ಲ. 2003ರಲ್ಲಿ ಜೋಶುವಾ ಶಾಕ್ಟರ್ ‘ಡೆಲಿಶಿಯಸ್’ ಶುರುಮಾಡಿದಾಗ ಉದ್ದೇಶ ಸರಳವಾಗಿತ್ತು: ಮೆಚ್ಚಿದ ಪುಟಗಳ ಗುರುತನ್ನು ಸ್ವಂತ ಕಂಪ್ಯೂಟರಿನಲ್ಲಿ ಅಡಗಿಸಿಡದೆ ಇಂಟರ್‌ನೆಟ್ಟಿನಲ್ಲೇ ಟ್ಯಾಗ್ ಸಮೇತ ಇಡಿ, ಉಳಿದವರಿಗೂ ಸಿಗಲಿ. ಎರಡೇ ವರ್ಷದಲ್ಲಿ ಅದನ್ನು ಯಾಹೂ ಕೊಂಡುಕೊಂಡಿತು. 2004ರಲ್ಲಿ ಬಂದ ‘ಡಿಗ್’ನ ಮೊದಲ ಪುಟದಲ್ಲಿ ಕಾಣಿಸಿಕೊಂಡ ಸಣ್ಣ ಸೈಟುಗಳು ಜನರ ನುಗ್ಗಾಟ ತಾಳಲಾರದೆ ಮಲಗಿಬಿಡುತ್ತಿದ್ದವು. ಆಗ ಲಿಂಕ್ ಹಾಕಿದರೆ ಪ್ರಯೋಜನವಿತ್ತು, ಏಕೆಂದರೆ ಆ ತುದಿಯಲ್ಲಿ ಮನುಷ್ಯರಿದ್ದರು.

ಮನುಷ್ಯರಿದ್ದಲ್ಲಿಗೆ ಕಸ ಸುರಿಯುವವರೂ ಬಂದರು. ಬ್ಲಾಗುಗಳ ಕಾಮೆಂಟಿನಲ್ಲಿ ಲಿಂಕ್ ತುರುಕುವವರ ಕಾಟ ತಡೆಯಲು 2005ರ ಜನವರಿಯಲ್ಲೇ ಗೂಗಲ್, ಯಾಹೂ, ಎಂಎಸ್‌ಎನ್ ಮೂವರೂ ನೋಫಾಲೋ ಗುರುತಿಗೆ ಒಪ್ಪಿದ್ದರು. 2012ರ ಏಪ್ರಿಲ್‌ನಲ್ಲಿ ಗೂಗಲ್ ತನ್ನ ‘ಪೆಂಗ್ವಿನ್’ ಬದಲಾವಣೆ ತಂದು, ಇಂಥ ಕೃತಕ ಲಿಂಕುಗಳ ಬಲದಿಂದ ಮೇಲೆ ಕೂತಿದ್ದ ಸೈಟುಗಳನ್ನು ಕೆಳಗಿಳಿಸಿತು. ಅದರ ಸ್ಪ್ಯಾಮ್ ನೀತಿಯಲ್ಲಿ ಮಾಡಬಾರದ ಕೆಲಸಗಳ ಪಟ್ಟಿಯೊಂದಿದೆ; ಕಳಪೆ ಡೈರೆಕ್ಟರಿಗಳಿಂದ, ಬುಕ್‌ಮಾರ್ಕ್ ಸೈಟುಗಳಿಂದ ಲಿಂಕ್ ಪಡೆಯುವುದು ಅದರಲ್ಲಿ ಹೆಸರು ಸಹಿತ ಇದೆ. ಗುಟ್ಟಿನ ದಾಖಲೆಯೇನಲ್ಲ, ಯಾರು ಬೇಕಾದರೂ ಓದಬಹುದು. ಈ ನಡುವೆ ಹಳೆಯ ದೊಡ್ಡ ಸೈಟುಗಳೂ ಒಂದೊಂದಾಗಿ ಹೋದವು. ಸ್ಟಂಬಲ್‌ಅಪಾನ್ 2018ರ ಜೂನ್‌ನಲ್ಲಿ ಮುಚ್ಚಿತು. ಡೆಲಿಶಿಯಸ್ಸನ್ನು 2017ರಲ್ಲಿ ಅದರ ಪ್ರತಿಸ್ಪರ್ಧಿ ಪಿನ್‌ಬೋರ್ಡ್ ಕೊಂಡು ಹೊಸ ಲಿಂಕುಗಳಿಗೆ ಬಾಗಿಲು ಹಾಕಿತು. ಪಾಕೆಟ್ 2025ರ ಜುಲೈನಲ್ಲಿ ಕಣ್ಮುಚ್ಚಿತು. ಇಷ್ಟೆಲ್ಲ ಆದಮೇಲೂ ‘500 ಹೈ ಕ್ವಾಲಿಟಿ ಬುಕ್‌ಮಾರ್ಕಿಂಗ್ ಸೈಟು’ ಎನ್ನುವವರಿಗೆ ಅಷ್ಟು ಸೈಟುಗಳು ಎಲ್ಲಿಂದ ಸಿಗುತ್ತವೆ? ಬಹುಮಟ್ಟಿಗೆ ಲಿಂಕ್ ಮಾರುವುದಕ್ಕೆಂದೇ ಕಟ್ಟಿದವು.

ಇನ್ನು ಆ ಡಿಎ. ‘ಡೊಮೈನ್ ಅಥಾರಿಟಿ’ ಎಂಬುದು ಮೋಜ್ ಎಂಬ ಅಮೆರಿಕದ ಖಾಸಗಿ ಕಂಪನಿ ತನ್ನದೇ ಲೆಕ್ಕಾಚಾರದಲ್ಲಿ ಕೊಡುವ ಅಂಕ. ಗೂಗಲ್ ಅದನ್ನು ಬಳಸುವುದಿಲ್ಲ, ಬಳಸುವುದಿಲ್ಲ ಎಂದು ಹೇಳಿಯೂ ಇದೆ. ಆದರೂ 91 ಎಂಬ ಅಂಕಿ ಕಂಡರೆ ನಮ್ಮವರು ಮಗನ ಮಾರ್ಕ್ಸ್‌ಕಾರ್ಡ್ ಕಂಡಷ್ಟು ಖುಷಿಪಡುತ್ತಾರೆ.

“ಆದರೆ ನನ್ನದು ಮೊದಲ ಪುಟದಲ್ಲಿ ಬಂತಲ್ಲ, ಅವನೇ ತೋರಿಸಿದ” ಎನ್ನುವವರಿದ್ದಾರೆ. ತೋರಿಸಿದ್ದು ಹೇಗೆ ಎಂದು ಕೇಳಿ. ಹೋಂಸ್ಟೇಯ ಪೂರ್ತಿ ಹೆಸರು ಟೈಪ್ ಮಾಡಿ ತೋರಿಸಿರುತ್ತಾನೆ. ಆ ಹೆಸರಿನದು ಊರಲ್ಲಿ ಒಂದೇ ಇರುವಾಗ ಮತ್ತೆ ಯಾರದ್ದು ಬರಬೇಕು? ಇಲ್ಲವೇ ನಿಮ್ಮದೇ ಅಂಗಳದಲ್ಲಿ ಕೂತು ನಿಮ್ಮದೇ ಫೋನಿನಲ್ಲಿ ‘ಹೋಂಸ್ಟೇ’ ಎಂದು ಹುಡುಕಿರುತ್ತಾನೆ. ಗೂಗಲ್ ಹುಡುಕುವವನು ಎಲ್ಲಿದ್ದಾನೆಂದು ನೋಡಿ ಹತ್ತಿರದ್ದನ್ನು ಮೊದಲು ಕೊಡುತ್ತದೆ. ಬೆಂಗಳೂರಿನಲ್ಲೋ ಕಣ್ಣೂರಿನಲ್ಲೋ ಕೂತವನಿಗೆ ಏನು ಕಾಣುತ್ತದೆ ಎಂಬುದು ಬೇರೆಯೇ ವಿಷಯ. ಗೂಗಲಿನಲ್ಲಿ ಒಂದನೇ ಸ್ಥಾನದ ಗ್ಯಾರಂಟಿ ಯಾರೂ ಕೊಡಲಾಗದು ಎಂದು ಗೂಗಲ್ ತಾನೇ ಬರೆದಿಟ್ಟಿದೆ. ಆ ಗ್ಯಾರಂಟಿ ಕೊಡುವವನ ಫೋನ್ ಇಡಲು ಅಷ್ಟೇ ಕಾರಣ ಸಾಕು.

ಈಚೆಗೆ ಇದರ ತದ್ವಿರುದ್ಧ ನಂಬಿಕೆಯೂ ಹಬ್ಬಿದೆ: ಆ 500 ಲಿಂಕುಗಳಿಂದ ಸೈಟ್ ‘ಬ್ಲಾಕ್’ ಆಗುತ್ತದೆ, ತೆಗೆಸಬೇಕು, ಅದಕ್ಕೆ ಬೇರೆ ಪ್ಯಾಕೇಜ್. ಹಾಕಿದವನೇ ತೆಗೆಯುವುದಕ್ಕೂ ದುಡ್ಡು ಕೇಳಿದ ಉದಾಹರಣೆ ಕಂಡು ನಗು ಬಂತು. 2016ರ ಸೆಪ್ಟೆಂಬರ್‌ನಿಂದ ಪೆಂಗ್ವಿನ್ ಇಂಥ ಲಿಂಕುಗಳಿಗಾಗಿ ಇಡೀ ಸೈಟನ್ನು ಶಿಕ್ಷಿಸುವ ಬದಲು ಲಿಂಕುಗಳನ್ನೇ ಲೆಕ್ಕಕ್ಕೆ ಹಿಡಿಯದೆ ಬಿಡುತ್ತದೆ. ಗೂಗಲಿನಿಂದ ನಿಮಗೆ ನೇರ ನೋಟಿಸ್ ಬಂದಿಲ್ಲವಾದರೆ ಸುಮ್ಮನಿರಿ. ಹೋದ ದುಡ್ಡು ಹೋಯಿತು, ಅದರ ಹಿಂದೆ ಮತ್ತಷ್ಟು ಕಳಿಸಬೇಡಿ.

ನನಗೆ ಅರ್ಥವಾಗದ್ದು ಒಂದೇ. ಗಂಗೊಳ್ಳಿಯಲ್ಲಿ ಬಂಗುಡೆ ಕೊಳ್ಳುವಾಗ ಕಿವಿರು ಎತ್ತಿ ಬಣ್ಣ ನೋಡದೆ, ಹತ್ತು ರೂಪಾಯಿಗೆ ಚೌಕಾಸಿ ಮಾಡದೆ ಬುಟ್ಟಿಗೆ ಹಾಕಿಕೊಳ್ಳದ ಜನ ನಾವು. ಬೆಂಗಳೂರು, ಮುಂಬಯಿಗೆ ಹೋಗಿ ಹೋಟೆಲ್ ಇಟ್ಟು ಗೆದ್ದವರ ಊರು ಇದು. ಮಕ್ಕಳಿಗೆ ‘ಬಾಲಪ್ರಪಂಚ’, ದೊಡ್ಡವರಿಗೆ ‘ವಿಜ್ಞಾನ ಪ್ರಪಂಚ’ ಬರೆದುಕೊಟ್ಟ ಶಿವರಾಮ ಕಾರಂತರು ಹುಟ್ಟಿದ್ದೂ ಇಲ್ಲೇ, ಕೋಟದಲ್ಲಿ. ಅಂಥ ಊರಿನವರು ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂದರೆ ಯಾಕೆ ಒಂದು ಪ್ರಶ್ನೆಯನ್ನೂ ಕೇಳುವುದಿಲ್ಲ? ಒಂದು ಲಿಂಕ್ ಒತ್ತಿ ನೋಡಲು ಕಂಪ್ಯೂಟರ್ ಪದವಿ ಬೇಡ. ಹಣ ದುಪ್ಪಟ್ಟು ಮಾಡುವ ಸ್ಕೀಮು, ವಾಟ್ಸಾಪಿನಲ್ಲಿ ಬಂದ ಸಕ್ಕರೆ ಕಾಯಿಲೆಯ ಕಷಾಯ, ಎಕ್ಸೆಲ್ ಶೀಟು, ಎಲ್ಲಕ್ಕೂ ಒಂದೇ ತಲೆದೂಗಾಟ. ‘ಎಷ್ಟು’ ಎಂದು ಕೇಳುತ್ತೇವೆ, ‘ಹೇಗೆ’ ಎಂದು ಕೇಳುವುದೇ ಇಲ್ಲ.

ಇರಲಿ. ನಿಜಕ್ಕೂ ಶುರುಮಾಡಬೇಕೆಂದಿರುವವರಿಗೆ ದಾರಿ ಇದೆ, ಅದು 500 ಕಡೆಗೆ ಹೋಗುವುದಿಲ್ಲ, ಒಂದೆರಡು ಕಡೆಗೆ ಹೋಗುತ್ತದೆ. ಕಣ್ಣಿಗೆ ಕಾಣುವ ಸರಕು ಮಾರುವವರಿಗೆ ಪಿಂಟರೆಸ್ಟ್ ಇದೆ. ಅಲ್ಲಿ ಜನ ಚಿತ್ರಗಳನ್ನು ತಮ್ಮ ತಮ್ಮ ಬೋರ್ಡಿನಲ್ಲಿ ಎತ್ತಿಡುತ್ತಾರೆ, ಚಿತ್ರ ಒತ್ತಿದರೆ ನಿಮ್ಮ ಪುಟ. ಉಡುಪಿ ಸೀರೆ ಮಾರುವವರು ಅಂಚು, ಸೆರಗು ಸರಿಯಾಗಿ ಕಾಣುವಂತೆ ಹಗಲು ಬೆಳಕಿನಲ್ಲಿ ತೆಗೆದ ಒಂದು ಫೋಟೊ ಹಾಕಿ, ನೂಲು ಎಂಥದು, ಮಗ್ಗದ್ದೇ ಎಂದು ಗುರುತಿಸುವುದು ಹೇಗೆ, ಒಗೆಯುವುದು ಹೇಗೆ ಎಂದು ಎರಡು ಸಾಲು ಬರೆದರೆ, ಅದು ತಿಂಗಳುಗಟ್ಟಲೆ ಒಬ್ಬರಿಂದೊಬ್ಬರಿಗೆ ಹೋಗುತ್ತಿರುತ್ತದೆ. ಆ ಲಿಂಕೂ ನೋಫಾಲೋ ಇದ್ದೀತು. ಇದ್ದರೇನು, ಒತ್ತುವವರು ಸೀರೆ ಉಡುವವರು.

ರೆಡಿಟ್‌ನಲ್ಲಾದರೆ ಬಂದ ದಿನವೇ ಲಿಂಕ್ ಎಸೆದರೆ ಹೊರಗೆ ಹಾಕುತ್ತಾರೆ, ಹಾಕಲೂಬೇಕು. ಮೊದಲು ಯಾರೋ ಕೇಳಿದ್ದಕ್ಕೆ ಉತ್ತರ ಕೊಡಿ. ಮರವಂತೆಯಲ್ಲಿ ಮಳೆಗಾಲದಲ್ಲಿ ನೀರಿಗಿಳಿಯಬಹುದೇ (ಬೇಡವೇ ಬೇಡ), ಕೊಡಚಾದ್ರಿಗೆ ಜೀಪು ಎಲ್ಲಿಂದ, ಘೀ ರೋಸ್ಟ್ ಹುಟ್ಟಿದ ಊರಿನಲ್ಲಿ ಅದನ್ನು ಎಲ್ಲಿ ತಿನ್ನಬೇಕು. ಇದೆಲ್ಲ ನಿಮಗೆ ಗೊತ್ತು, ಕೇಳುವವರಿಗೆ ಗೊತ್ತಿಲ್ಲ.

ಎಲ್ಲಕ್ಕಿಂತ ಮೊದಲು, ಜನ ಎತ್ತಿಡುವಂಥ ಒಂದು ಪುಟವಾದರೂ ನಿಮ್ಮ ಸೈಟಿನಲ್ಲಿ ಇರಬೇಕಲ್ಲ. ‘ವೆಲ್‌ಕಮ್ ಟು ಅವರ್ ಹೋಂಸ್ಟೇ’ ಎಂಬುದನ್ನು ಯಾರೂ ಬುಕ್‌ಮಾರ್ಕ್ ಮಾಡುವುದಿಲ್ಲ. ಕೊಲ್ಲೂರಿಗೆ ಬರುವ ಭಕ್ತರಲ್ಲಿ ಕೇರಳದವರ ಸಂಖ್ಯೆ ದೊಡ್ಡದು, ಗಾಯಕ ಯೇಸುದಾಸರ ಹುಟ್ಟುಹಬ್ಬದ ಭೇಟಿಯಂತೂ ಹೆಸರುವಾಸಿ. ಮೂಕಾಂಬಿಕಾ ರೋಡ್ ಬೈಂದೂರು ನಿಲ್ದಾಣದಲ್ಲಿ ಬೆಳಗಿನ ಜಾವ ಇಳಿದವರಿಗೆ ಬಸ್ ಎಷ್ಟು ಹೊತ್ತಿಗೆ, ಆಟೊದವರು ಎಷ್ಟು ಕೇಳುತ್ತಾರೆ, ಸ್ನಾನಕ್ಕೆ ಎಲ್ಲಿ ಜಾಗ ಎಂದು ಒಂದು ಪುಟ ಬರೆಯಿರಿ. ಅದನ್ನೇ ಮಲಯಾಳದಲ್ಲೂ ಹಾಕಿಸಿ. ಈ ಒಂದು ಪುಟವನ್ನು ಅವರು ಮನೆಯವರಿಗೆಲ್ಲ ಕಳಿಸುತ್ತಾರೆ. ಬುಕ್‌ಮಾರ್ಕಿಂಗ್ ಎಂದರೆ ಇದೇ. ಜೊತೆಗೆ ಗೂಗಲಿನ ಬಿಸಿನೆಸ್ ಪ್ರೊಫೈಲ್ ಪುಕ್ಕಟೆ ಸಿಗುತ್ತದೆ; ಮ್ಯಾಪಿನಲ್ಲಿ ನಿಮ್ಮ ಪಿನ್ ಸೌಪರ್ಣಿಕೆಯ ನೀರಿನ ನಡುವೆ ಬಿದ್ದಿಲ್ಲವೇ ಎಂದು ಒಮ್ಮೆ ನೋಡಿಕೊಳ್ಳಿ.

ಉಳಿದ ನಂಬಿಕೆಗಳಿಗೆ ಹೆಚ್ಚು ಜಾಗ ಬೇಡ. ಮೆಟಾ ಕೀವರ್ಡ್‌ಗಳಲ್ಲಿ ಊರ ಹೆಸರೆಲ್ಲ ತುಂಬಿಸುವುದು ವ್ಯರ್ಥ; ರ‍್ಯಾಂಕಿಂಗ್‌ಗೆ ಅದನ್ನು ನೋಡುವುದಿಲ್ಲವೆಂದು ಗೂಗಲ್ 2009ರಲ್ಲೇ ಹೇಳಿದೆ. ಸೈಟನ್ನು ದಿನಾ ಗೂಗಲ್‌ಗೆ ‘ಸಬ್ಮಿಟ್’ ಮಾಡಬೇಕಾಗಿಲ್ಲ. ಸಂಬಂಧಿಕರಿಂದ ಐದು ಸ್ಟಾರ್ ಹಾಕಿಸಿದರೆ ಓದುವವರಿಗೆ ಗೊತ್ತಾಗುತ್ತದೆ, ಎಲ್ಲರ ಅಡ್ಡಹೆಸರೂ ಒಂದೇ ಇರುತ್ತದೆ. ಒಂದು ವಾರದಲ್ಲಿ ಫಲ ಕಾಣುತ್ತದೆ ಎಂಬುದೂ ಸುಳ್ಳು. ಇಂಥ ಕೆಲಸದ ಪರಿಣಾಮ ಕಾಣಲು ನಾಲ್ಕು ತಿಂಗಳಿಂದ ಒಂದು ವರ್ಷ ಬೇಕು ಎಂಬುದು ಗೂಗಲಿನವರೇ ಕೊಟ್ಟ ಅಂದಾಜು. ಡಿಸೆಂಬರ್ ರಜೆಯ ಗಿರಾಕಿ ಬೇಕಾದವರು ಆಷಾಢದ ಮಳೆಯಲ್ಲಿ, ರೂಮು ಖಾಲಿ ಬಿದ್ದಿರುವಾಗಲೇ, ಆ ಕೊಲ್ಲೂರಿನ ಪುಟ ಬರೆದು ಮುಗಿಸಿರಬೇಕು.