ಮೆಟ್ಟಿಲಿನ ಲೆಕ್ಕದಿಂದ ಬೈಲಾದವರೆಗೆ

ನೆಲಮಹಡಿಯವರು ಲಿಫ್ಟಿನ ಖರ್ಚು ಕೊಡಬೇಕೆ? ಮೆಂಟೆನೆನ್ಸ್ ಎಲ್ಲ ಫ್ಲ್ಯಾಟಿಗೂ ಒಂದೇ ಇರಬೇಕೆ, ಚದರಡಿ ಲೆಕ್ಕದಲ್ಲಿರಬೇಕೆ? ಬೆಂಗಳೂರಿನ ಅಪಾರ್ಟ್‌ಮೆಂಟುಗಳ ಜನರಲ್ ಬಾಡಿಯಲ್ಲಿ ಮತ್ತೆ ಮತ್ತೆ ಏಳುವ ಈ ತಕರಾರು ಬಹಳ ಹಳೆಯದು. ನೆಪೋಲಿಯನ್ ಕಾಲದ ಫ್ರಾನ್ಸಿನಲ್ಲೇ ಇದಕ್ಕೆ ಕಾನೂನು ಉತ್ತರ ಬರೆದಿತ್ತು.

1720ರ ಬೆಂಕಿಯಲ್ಲಿ ಅಲ್ಲಿನ ರೆನ್ ನಗರದ ಮರದ ಮನೆಗಳು ಸಾಲುಸಾಲಾಗಿ ಸುಟ್ಟುಹೋದವು. ಆ ಜಾಗದಲ್ಲಿ ದೊಡ್ಡ ಕಟ್ಟಡಗಳು ಎದ್ದವು. ಮಹಡಿ ಮಹಡಿಗೆ ಬೇರೆ ಬೇರೆ ಮಾಲೀಕರಾದರು. ಇಂಥ ವ್ಯವಸ್ಥೆಗೆ 1804ರ ನಾಗರಿಕ ಸಂಹಿತೆಯ 664ನೇ ವಿಧಿ ಕಟ್ಟುಪಾಡು ಹಾಕಿತು. ಮುಖ್ಯ ಗೋಡೆ ಮತ್ತು ಚಾವಣಿಯ ಖರ್ಚನ್ನು ಎಲ್ಲರೂ ತಂತಮ್ಮ ಮಹಡಿಯ ಬೆಲೆಗೆ ತಕ್ಕಂತೆ ಹಂಚಿಕೊಳ್ಳಬೇಕು. ತಾನು ಓಡಾಡುವ ನೆಲವನ್ನು ಅವರವರೇ ನೋಡಿಕೊಳ್ಳಬೇಕು. ಮೊದಲ ಮಹಡಿಯವನು ತನ್ನ ಮನೆಯವರೆಗಿನ ಮೆಟ್ಟಿಲು ಕಟ್ಟಿಸಬೇಕು, ಎರಡನೆಯವನು ಅಲ್ಲಿಂದ ತನ್ನ ಬಾಗಿಲವರೆಗಿನದನ್ನು. ಯಾರು ಎಷ್ಟು ಮೆಟ್ಟಿಲು ಹತ್ತುತ್ತಾರೆ ಎಂಬುದನ್ನೂ ಬಿಡದೆ ಯೋಚಿಸಿದ ಈ ವಿಧಿ ನನಗೆ ಬಹಳ ಇಷ್ಟ.

ಆದರೆ ಅದರಲ್ಲಿ ದೊಡ್ಡದೊಂದು ಕೊರತೆಯಿತ್ತು. ಸಭೆ ಕರೆಯುವವರು ಯಾರು, ಎಷ್ಟು ಜನ ಒಪ್ಪಿದರೆ ತೀರ್ಮಾನ, ಒಪ್ಪದವರ ಗತಿಯೇನು? ಇದಾವುದಕ್ಕೂ ಅಲ್ಲಿ ಉತ್ತರವಿರಲಿಲ್ಲ. 1938ರಲ್ಲಿ ಫ್ರಾನ್ಸ್ ಆ ವಿಧಿಯನ್ನೇ ತೆಗೆದುಹಾಕಿ, ಮಾಲೀಕರ ಸಂಘ ಮತ್ತು ಬಹುಮತದ ತೀರ್ಮಾನಕ್ಕೆ ಕಾನೂನಿನ ಬಲ ಕೊಟ್ಟಿತು. ಖರ್ಚು ಹಂಚುವ ನಿಯಮಕ್ಕಿಂತ ನಿಯಮ ಮಾಡುವ ನಿಯಮ ರೂಪುಗೊಳ್ಳುವುದಕ್ಕೇ ಹೆಚ್ಚು ಕಾಲ ಹಿಡಿಯಿತು.

ಪೋರ್ಟೊ ರಿಕೊ 1958ರಲ್ಲಿ ಇಂಥದೇ ಕಾನೂನು ಮಾಡಿತು. ಅಮೆರಿಕದ ಫೆಡರಲ್ ವಸತಿ ಆಡಳಿತ ಸಂಸ್ಥೆ 1962ರಲ್ಲಿ ಮಾದರಿ ಕರಡು ಹೊರಡಿಸಿತು. ಮಹಾರಾಷ್ಟ್ರದ 1970ರ ಕಾಯ್ದೆಯನ್ನೂ ನಮ್ಮ 1972ರ ಕರ್ನಾಟಕ ಅಪಾರ್ಟ್‌ಮೆಂಟ್ ಮಾಲೀಕತ್ವ ಕಾಯ್ದೆಯನ್ನೂ ಆ ಕರಡಿನ ಪಕ್ಕದಲ್ಲಿಟ್ಟು ಓದಿದರೆ ಹೋಲಿಕೆ ಎದ್ದು ಕಾಣುತ್ತದೆ.

ನಮ್ಮ ಕಾಯ್ದೆಯ ಜೀವಾಳ ಡೀಡ್ ಆಫ್ ಡಿಕ್ಲರೇಷನ್. ಯಾವ ಫ್ಲ್ಯಾಟಿಗೆ ಸಾಮಾನ್ಯ ಜಾಗದಲ್ಲಿ ಶೇಕಡಾ ಎಷ್ಟು ಅವಿಭಜಿತ ಪಾಲು ಎಂದು ಅದರಲ್ಲಿ ನಮೂದಾಗಿರುತ್ತದೆ. ಪಾಲಿಗೆ ಆಧಾರ ಇಡೀ ಆಸ್ತಿಯ ಬೆಲೆಯಲ್ಲಿ ಆ ಫ್ಲ್ಯಾಟಿನ ಬೆಲೆ ಎಷ್ಟೆಂಬುದು, 1804ರ ಲೆಕ್ಕದ ಹಾಗೆಯೇ. ಈ ಪಾಲನ್ನು ಬದಲಿಸಲು ಎಲ್ಲ ಮಾಲೀಕರ ಒಪ್ಪಿಗೆ ಬೇಕು, ತಿದ್ದಿದ ಪತ್ರ ನೋಂದಣಿಯಾಗಬೇಕು. ಇದು ಅತಿಯಾಯಿತು ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ನಾಳೆ ಬಿಲ್ಡರ್ ಅದೇ ಜಾಗದಲ್ಲಿ ಇನ್ನೊಂದು ಬ್ಲಾಕ್ ಎಬ್ಬಿಸಲು ಹೊರಟರೆ, ಒಂಟಿ ಫ್ಲ್ಯಾಟಿನ ವೃದ್ಧ ದಂಪತಿಗಳ ಪಾಲನ್ನು ಕರಗದಂತೆ ಕಾಯುವುದು ಈ ಬಿಗಿಯೇ.

ಬೈಲಾದ ಮಾತು ಬೇರೆ. ಅದನ್ನು ಬದಲಿಸಬಹುದು, ಬದಲಿಸುತ್ತಲೂ ಇರಬೇಕು. ಮೂವತ್ತು ವರ್ಷದ ಹಿಂದೆ ಬರೆದ ಬೈಲಾದಲ್ಲಿ ಎಲೆಕ್ಟ್ರಿಕ್ ಕಾರಿನ ಚಾರ್ಜಿಂಗ್ ಬಗ್ಗೆ ಏನಿರಲು ಸಾಧ್ಯ? ಆದರೆ ಬೈಲಾ ಡಿಕ್ಲರೇಷನ್ನಿಗೆ ಲಗತ್ತಾದ ದಾಖಲೆ. ಅದನ್ನು ತಿದ್ದಿದರೆ ಡಿಕ್ಲರೇಷನ್ನಿನ ತಿದ್ದುಪಡಿಯಾಗಿಯೇ ದಾಖಲಾಗಬೇಕು, ಇಲ್ಲದಿದ್ದರೆ ಸಿಂಧುವಲ್ಲ. ಮತದ ತೂಕವೂ ತಲೆಗೊಂದಲ್ಲ, ಫ್ಲ್ಯಾಟಿಗೆ ಗೊತ್ತುಮಾಡಿದ ಶೇಕಡಾವಾರು ಪ್ರಕಾರ. 51 ತಲುಪಿದರೆ ಬಹುಮತ. ಬ್ರಹ್ಮಚಾರಿಗಳಿಗೆ ಮನೆ ಕೊಡಬೇಡಿ ಎಂದು ಕಮಿಟಿಯವರು ರಾತ್ರಿ ವಾಟ್ಸ್ಆ್ಯಪ್ ಗುಂಪಿನಲ್ಲಿ ಹಾಕಿದ ಸಂದೇಶ ಬೆಳಗಾಗುವಷ್ಟರಲ್ಲಿ ಬೈಲಾ ಆಗಿಬಿಡುವುದಿಲ್ಲ.

ಬಹುಮತಕ್ಕೂ ಮಿತಿಯಿದೆ. ಸಿಡ್ನಿಯ ಹೊರೈಜನ್ ಎಂಬ ಗಗನಚುಂಬಿ ಕಟ್ಟಡದ ಬೈಲಾ ಸಾಕುಪ್ರಾಣಿಗಳನ್ನು ಪೂರ್ತಿ ನಿಷೇಧಿಸಿತ್ತು. ಆಂಗಸ್ ಎಂಬ ಪುಟ್ಟ ನಾಯಿಯನ್ನು ಸಾಕಿದ್ದ ಮಾಲೀಕರು ನ್ಯಾಯಾಲಯದ ಮೆಟ್ಟಿಲೇರಿದರು. ಬೇರೆಯವರಿಗೆ ತೊಂದರೆಯಾಗಲಿ ಬಿಡಲಿ, ಸಾರಾಸಗಟಾಗಿ ಹಕ್ಕು ಕಸಿಯುವ ನಿಯಮ ದಬ್ಬಾಳಿಕೆ ಎಂದು ನ್ಯೂ ಸೌತ್ ವೇಲ್ಸ್‌ನ ಮೇಲ್ಮನವಿ ನ್ಯಾಯಾಲಯ 2020ರಲ್ಲಿ ಅದನ್ನು ರದ್ದುಮಾಡಿತು. ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯೂ 2015ರಲ್ಲಿ, ಬಹುಮತದಿಂದಲೂ ಸಾಕುನಾಯಿಗಳನ್ನು ನಿಷೇಧಿಸುವಂತಿಲ್ಲ ಎಂದು ಸೂಚಿಸಿದೆ.

ಇಷ್ಟೆಲ್ಲ ಆದರೂ ಬಾಡಿಗೆದಾರರಿಗೆ ಇನ್ನೂ ಮತವಿಲ್ಲ. ಸಂಘ ಮಾಲೀಕರದ್ದು. ಪಾರ್ಕಿಂಗ್, ನೀರಿನ ಸಮಯ, ಮನೆಗೆಲಸದವರು ಯಾವ ಲಿಫ್ಟ್ ಹತ್ತಬೇಕು ಎಂಬ ನಿಯಮಗಳ ಬಿಸಿ ಮಾತ್ರ ಅವರಿಗೂ ತಟ್ಟುತ್ತದೆ. ಮತ ಕೊಡಲು ಕಾಯ್ದೆಯೇ ಬದಲಾಗಬೇಕು ನಿಜ. ಆದರೆ ದಿನನಿತ್ಯದ ನಿಯಮ ತಿದ್ದುವ ಮುನ್ನ ಬಾಡಿಗೆದಾರರಿಗೂ ನೋಟಿಸ್ ಕೊಟ್ಟು ಅವರ ಮಾತು ಕೇಳಬೇಕೆಂಬ ಒಂದು ಸಾಲನ್ನು ಯಾವ ಸಂಘ ಬೇಕಾದರೂ ಮುಂದಿನ ತಿದ್ದುಪಡಿಯಲ್ಲೇ ಬೈಲಾಕ್ಕೆ ಸೇರಿಸಿಕೊಳ್ಳಬಹುದು.