ಮಿರ್ದಿಫ್‌ನ ಮನೆ ಸ್ಟುಡಿಯೋಗೆ ಟ್ಯೂಬ್ ಪ್ರೀಆಂಪ್ ಬೇಕೆ?

1935ರ ಸೆಪ್ಟೆಂಬರ್ 10ರಂದು ಮೈಸೂರಿನ ಮಹಾರಾಜ ಕಾಲೇಜಿನ ಮನಶ್ಶಾಸ್ತ್ರ ಪ್ರಾಧ್ಯಾಪಕ ಎಂ.ವಿ. ಗೋಪಾಲಸ್ವಾಮಿಯವರು ತಮ್ಮ ಮನೆ ‘ವಿಠ್ಠಲ ವಿಹಾರ’ದಿಂದಲೇ ಬಾನುಲಿ ಪ್ರಸಾರ ಆರಂಭಿಸಿದರು. ಅಂದು ಮೈಕಿನಿಂದ ಆಂಟೆನಾದವರೆಗೆ ದನಿಯನ್ನು ದೊಡ್ಡದು ಮಾಡಲು ಗಾಜಿನ ವಾಲ್ವ್‌ಗಳಲ್ಲದೆ, ಅಂದರೆ ಟ್ಯೂಬ್‌ಗಳಲ್ಲದೆ, ಬೇರೆ ದಾರಿಯೇ ಇರಲಿಲ್ಲ. ಟ್ರಾನ್ಸಿಸ್ಟರ್ ಹುಟ್ಟಿದ್ದು 1947ರ ಕೊನೆಯಲ್ಲಿ. ಇಂದು ದುಬೈನ ಮಿರ್ದಿಫ್‌ನಲ್ಲಿ ವಿಲ್ಲಾದ ಒಂದು ಕೋಣೆಯಲ್ಲೇ ಭಾವಗೀತೆ ಹಾಡಿ, ಲ್ಯಾಪ್‌ಟಾಪಿನಲ್ಲಿ ಮುದ್ರಿಸಿ ಊರಿಗೆ ಕಳಿಸುವವರಿಗೆ ವಾಲ್ವ್ ಅನಿವಾರ್ಯವಲ್ಲ. ಅದು ಆಯ್ಕೆ. ಆದ್ದರಿಂದಲೇ ಅದು ನಿಜವಾಗಿ ಏನು ಮಾಡುತ್ತದೆಂದು ತಿಳಿದುಕೊಳ್ಳಬೇಕು.

ಮಿಲಿವೋಲ್ಟಿನಿಂದ ವೋಲ್ಟಿಗೆ

ಮೈಕಿನಿಂದ ಹೊರಡುವ ಸಂಕೇತ ಬಹಳ ಕ್ಷೀಣ. ವೇದಿಕೆಗಳಲ್ಲೆಲ್ಲ ಕಾಣುವ ಶೂರ್ ಎಸ್‌ಎಂ58 ಡೈನಮಿಕ್ ಮೈಕಿಗೆ 94 ಡೆಸಿಬೆಲ್ ದನಿ ತಲುಪಿದರೆ, ಅಂದರೆ ಹತ್ತಿರ ನಿಂತು ಗಟ್ಟಿಯಾಗಿ ಹಾಡಿದರೆ, ಸಿಗುವುದು ಸುಮಾರು 1.85 ಮಿಲಿವೋಲ್ಟ್. ಮುಂದಿನ ಸಾಧನಗಳಿಗೆ ಬೇಕಾದ ‘ಲೈನ್’ ಮಟ್ಟ 1.23 ವೋಲ್ಟ್. ನಡುವಿನ ಅಂತರ 660 ಪಟ್ಟಿಗೂ ಹೆಚ್ಚು. ಡೆಸಿಬೆಲ್ ಲೆಕ್ಕದಲ್ಲಿ ಸುಮಾರು 56. ಈ ಅಂತರ ತುಂಬುವುದೇ ಪ್ರೀಆಂಪ್‌ನ ಕೆಲಸ. ರೋಡ್ ಎನ್‌ಟಿ1-ಎಯಂಥ ಕಂಡೆನ್ಸರ್ ಮೈಕು ಅದೇ ದನಿಗೆ 25 ಮಿಲಿವೋಲ್ಟ್ ಕೊಡುತ್ತದೆ. ಅದಕ್ಕೆ 34 ಡೆಸಿಬೆಲ್ ಗೇನ್, ಅಂದರೆ ವರ್ಧನೆ, ಸಾಕು. ಹಾಗಾಗಿ ಪ್ರೀಆಂಪ್ ಆರಿಸುವ ಮೊದಲು ನಿಮ್ಮಲ್ಲಿರುವ ಮೈಕು ಯಾವುದೆಂದು ನೋಡಿ.

ಟ್ಯೂಬಿನ ಒಳಗೆ

1904ರಲ್ಲಿ ಜಾನ್ ಆಂಬ್ರೋಸ್ ಫ್ಲೆಮಿಂಗ್ ಎರಡು ಲೋಹದ ತುದಿಗಳ ನಿರ್ವಾತ ವಾಲ್ವ್ ಮಾಡಿದರು. 1906ರಲ್ಲಿ ಲೀ ಡಿ ಫಾರೆಸ್ಟ್ ಅವುಗಳ ನಡುವೆ ತಂತಿಯ ಜಾಲರಿಯೊಂದನ್ನು, ಅಂದರೆ ಗ್ರಿಡ್ಡನ್ನು, ಸೇರಿಸಿದರು. ಈ ಮೂರು ಭಾಗಗಳ ವಾಲ್ವೇ ಟ್ರಯೋಡ್. ಕಾದು ಕೆಂಪಾದ ಕ್ಯಾಥೋಡ್ ಎಲೆಕ್ಟ್ರಾನುಗಳನ್ನು ಹೊರಚೆಲ್ಲುತ್ತದೆ. ಧನ ವೋಲ್ಟೇಜಿನ ಪ್ಲೇಟ್ ಅವನ್ನು ಎಳೆದುಕೊಳ್ಳುತ್ತದೆ. ನಡುವಿನ ಗ್ರಿಡ್ ಕೆರೆಯ ತೂಬಿದ್ದಂತೆ: ತೂಬನ್ನು ಎತ್ತಿಳಿಸಲು ಕೊಂಚವೇ ಬಲ ಸಾಕು, ಹರಿಯುವ ನೀರಿನ ಬಲ ಕೆರೆಯದ್ದು. ಮೈಕಿನ ಸಣ್ಣ ಏರಿಳಿತ ಗ್ರಿಡ್ಡನ್ನು ಆಡಿಸಿದರೆ ಪ್ಲೇಟಿನಲ್ಲಿ ಅದೇ ಏರಿಳಿತ ದೊಡ್ಡದಾಗಿ ಮೂಡುತ್ತದೆ.

ಇಂದಿನ ಬಹುತೇಕ ಟ್ಯೂಬ್ ಪ್ರೀಆಂಪ್‌ಗಳಲ್ಲಿರುವುದು 12ಎಎಕ್ಸ್7 ಎಂಬ ಟ್ಯೂಬು. ಯುರೋಪಿನಲ್ಲಿ ಅದರ ಹೆಸರು ಇಸಿಸಿ83. ಒಂದೇ ಗಾಜಿನೊಳಗೆ ಎರಡು ಟ್ರಯೋಡ್‌ಗಳು, ಪ್ರತಿಯೊಂದರ ವರ್ಧನಾಂಕ 100. 

‘ಬೆಚ್ಚಗಿನ’ ನಾದ ಎಲ್ಲಿಂದ?

ಟ್ರಯೋಡ್ ಸಂಕೇತವನ್ನು ಹಿಗ್ಗಿಸುವಾಗ ತುಸು ಬಾಗಿಸುತ್ತದೆ. ಅಲೆಯ ಮೇಲರ್ಧಕ್ಕೂ ಕೆಳಗಿನರ್ಧಕ್ಕೂ ಸಿಗುವ ಹಿಗ್ಗು ಒಂದೇ ಅಲ್ಲ. ಈ ಅಸಮತೆಯಿಂದ ಮೂಲ ಕಂಪನದ ಎರಡರಷ್ಟು ಆವರ್ತನ ಹೊಸದಾಗಿ ಹುಟ್ಟುತ್ತದೆ. ನಿಮ್ಮ ಷಡ್ಜ 240 ಹರ್ಟ್ಜ್ ಆಗಿದ್ದರೆ ಟ್ಯೂಬ್ ಸೇರಿಸುವುದು 480, ಅಂದರೆ ತಾರಷಡ್ಜ. ಸ್ವಲ್ಪವೇ ಸೇರಿದಾಗ ಅದು ಬೇರೆ ಸ್ವರವಾಗಿ ಕೇಳದೆ ದನಿಗೆ ಮೈ ತುಂಬಿದಂತೆ ಕೇಳುತ್ತದೆ. ಜನ ‘ಬೆಚ್ಚಗಿದೆ’ ಎನ್ನುವುದು ಇದನ್ನೇ.

ಆದರೆ ಎರಡು ಸ್ವರಗಳು ಒಟ್ಟಿಗೆ ಟ್ಯೂಬನ್ನು ಹೊಕ್ಕರೆ ಕತೆ ಬೇರೆ. ಷಡ್ಜ 240, ಪಂಚಮ 360 ಒಟ್ಟಿಗೆ ಬಂದರೆ ಅವುಗಳ ವ್ಯತ್ಯಾಸ 120, ಮೊತ್ತ 600 ಕೂಡ ಹುಟ್ಟುತ್ತವೆ. 120 ಮಂದ್ರಷಡ್ಜ, ತೊಂದರೆಯಿಲ್ಲ. 600 ಮಾತ್ರ ತಾರಸ್ಥಾಯಿಯ ಅಂತರ ಗಾಂಧಾರ. ಶಂಕರಾಭರಣಕ್ಕೆ ಅದು ಹೊಂದುತ್ತದೆ. ಸಾಧಾರಣ ಗಾಂಧಾರದ ಖರಹರಪ್ರಿಯ ಹಾಡುವಾಗ ಹೊಂದುವುದಿಲ್ಲ. ಆದ್ದರಿಂದ ಗಾಯನವನ್ನೂ ಶ್ರುತಿಪೆಟ್ಟಿಗೆಯನ್ನೂ ಒಂದೇ ಟ್ಯೂಬಿನಲ್ಲಿ ಜೋರಾಗಿ ತಳ್ಳಬೇಡಿ. ದನಿಯನ್ನು ಟ್ಯೂಬಿಗೆ ಕೊಡಿ, ಶ್ರುತಿಯನ್ನು ಬೇರೆ ಟ್ರ್ಯಾಕಿನಲ್ಲಿ ನೇರವಾಗಿ ಮುದ್ರಿಸಿ.

ಅಗ್ಗದ ಟ್ಯೂಬಿನ ಸತ್ಯ

12ಎಎಕ್ಸ್7 ಚೆನ್ನಾಗಿ ದುಡಿಯಲು ಪ್ಲೇಟಿಗೆ 200ರಿಂದ 300 ವೋಲ್ಟ್ ಪೂರೈಕೆ ಬೇಕು. ಅಷ್ಟು ವೋಲ್ಟೇಜನ್ನು ಗುಂಯ್‌ಗುಡದಂತೆ ಕೊಡುವ ಪವರ್ ಸಪ್ಲೈ, ಮೈಕಿನ ಸಂಕೇತವನ್ನು ಟ್ಯೂಬಿಗೆ ಮುನ್ನವೇ ಎತ್ತಿಕೊಡುವ ಒಳ್ಳೆಯ ಟ್ರಾನ್ಸ್‌ಫಾರ್ಮರ್, ಎರಡೂ ದುಬಾರಿ. ಎಆರ್‌ಟಿ ಟ್ಯೂಬ್ ಎಂಪಿಯಂಥ ಪುಟ್ಟ ಪೆಟ್ಟಿಗೆಗಳು 9 ವೋಲ್ಟ್ ಎಸಿ ಅಡಾಪ್ಟರಿನಲ್ಲಿ ನಡೆಯುತ್ತವೆ. ಅವುಗಳಲ್ಲಿ ಗೇನ್‌ನ ದೊಡ್ಡ ಪಾಲು ಐಸಿ ಚಿಪ್ಪಿನದು. ಟ್ಯೂಬು ಕಡಿಮೆ ಪ್ಲೇಟ್ ವೋಲ್ಟೇಜಿನಲ್ಲಿ ನಡುವೆ ಕೂತಿರುತ್ತದೆ. ವೋಲ್ಟೇಜ್ ಕಡಿಮೆಯಾದಷ್ಟೂ ಟ್ಯೂಬಿನ ನೇರ ಹಾದಿ ಗಿಡ್ಡವಾಗುತ್ತದೆ, ಅಲೆ ಬೇಗ ಬಾಗುತ್ತದೆ. ಇದನ್ನು ಮೋಸವೆನ್ನಬೇಕಿಲ್ಲ. ಬಣ್ಣ ಬೇಕೆಂದವರಿಗೆ ಅದು ಬೇಗ ಸಿಗುತ್ತದೆ, ಅಷ್ಟೆ. ಆದರೆ ಹಳೆಯ ಸ್ಟುಡಿಯೋಗಳ ಟ್ಯೂಬ್ ನಾದವೇ ಇದು ಎಂದು ನಂಬಿ ಹಣ ಕೊಡಬಾರದು. ಎಆರ್‌ಟಿ ಪ್ರೋ ಎಂಪಿಎ-2ರಲ್ಲಿ ಪ್ಲೇಟ್ ವೋಲ್ಟೇಜ್ ಬದಲಿಸುವ ಸ್ವಿಚ್ಚೇ ಇದೆ; ಒಂದೇ ದನಿಯನ್ನು ಎರಡೂ ರೀತಿಯಲ್ಲಿ ಕೇಳಿ ವ್ಯತ್ಯಾಸ ತಿಳಿಯಲು ಅದು ಒಳ್ಳೆಯ ಪಾಠ.

ಕೋಣೆಯ ಲೆಕ್ಕ

ಮಿರ್ದಿಫ್ ದುಬೈ ವಿಮಾನ ನಿಲ್ದಾಣಕ್ಕೆ ಹತ್ತಿರ. ತಲೆಯ ಮೇಲೆ ವಿಮಾನಗಳ ಸದ್ದು. ಬೇಸಿಗೆಯಲ್ಲಿ ಎಸಿ ನಿಲ್ಲಿಸಿ ಬಹಳ ಹೊತ್ತು ಹಾಡಲಾಗದು. ಎಸಿ ಓಡುವ ಕೋಣೆಯ ಸದ್ದು 40 ಡೆಸಿಬೆಲ್ ಎಂದಿಟ್ಟುಕೊಳ್ಳಿ. ಎಸ್‌ಎಂ58ರಲ್ಲಿ ಅದು ಸುಮಾರು 3.7 ಮೈಕ್ರೋವೋಲ್ಟ್ ಆಗುತ್ತದೆ. ಸಾಧಾರಣ ಪ್ರೀಆಂಪ್‌ನ ಸ್ವಂತ ಗದ್ದಲ, ಮೈನಸ್ 125 ಡಿಬಿಯು ಎಂದು ಹಿಡಿದರೆ, 0.44 ಮೈಕ್ರೋವೋಲ್ಟ್. ಕೋಣೆಯ ಗದ್ದಲ ಅದರ ಎಂಟು ಪಟ್ಟಿಗೂ ಹೆಚ್ಚು! ಕಂಡೆನ್ಸರ್ ಮೈಕಿನಲ್ಲಿ ಅದು ನೂರು ಪಟ್ಟು ದಾಟುತ್ತದೆ. ಯಾವ ಟ್ಯೂಬೂ ಈ ಗದ್ದಲವನ್ನು ತೆಗೆಯದು. ದನಿಯ ಜೊತೆ ಅದನ್ನೂ ಎತ್ತಿಕೊಡುತ್ತದೆ.

ಪರಿಹಾರ ಅಗ್ಗ. ಮೈಕಿನ ದೂರ ಅರ್ಧವಾದಾಗಲೆಲ್ಲ ದನಿ ಸುಮಾರು 6 ಡೆಸಿಬೆಲ್ ಏರುತ್ತದೆ. 40 ಸೆಂಟಿಮೀಟರಿನಿಂದ 10ಕ್ಕೆ ಬಂದರೆ 12. ಮುಂದಿನ ದನಿಯನ್ನೇ ಹೆಚ್ಚು ಹಿಡಿಯುವ ಕಾರ್ಡಿಯಾಯ್ಡ್ ಮೈಕಿನ ಬೆನ್ನು ಎಸಿಯ ಕಡೆಗಿರಲಿ. ಟೈಲ್ಸ್ ನೆಲಕ್ಕೆ ದಪ್ಪ ಕಂಬಳಿ ಹಾಸಿ, ಹಾಡುವವರ ಹಿಂದೆ ಬಟ್ಟೆ ತುಂಬಿದ ವಾರ್ಡ್‌ರೋಬ್ ತೆರೆದಿಡಿ.

ಕೊಳ್ಳುವ ಮುನ್ನ

ಡೈನಮಿಕ್ ಮೈಕಿದ್ದರೆ 60 ಡೆಸಿಬೆಲ್ ಗೇನ್ ಇರಲಿ. ಕಂಡೆನ್ಸರಿಗೆ 48 ವೋಲ್ಟ್ ಫ್ಯಾಂಟಮ್ ಪವರ್ ಬೇಕೇ ಬೇಕು. ಯಕ್ಷಗಾನದ ಚೆಂಡೆ ಮುದ್ರಿಸುವವರಿಗೆ ಬೇಕಾದದ್ದು ಹೆಚ್ಚು ಗೇನ್ ಅಲ್ಲ, 20 ಡೆಸಿಬೆಲ್ ತಗ್ಗಿಸುವ ಪ್ಯಾಡ್. ಪ್ರೀಆಂಪ್‌ನಿಂದ ಬರುವ ತಂತಿಯನ್ನು ಆಡಿಯೋ ಇಂಟರ್‌ಫೇಸಿನ ಮೈಕ್ ಇನ್‌ಪುಟ್ಟಿಗೆ ಚುಚ್ಚಬೇಡಿ, ಲೈನ್ ಇನ್‌ಪುಟ್ಟಿಗೇ ಕೊಡಿ; ಇಲ್ಲವಾದರೆ ಸಂಕೇತ ಎರಡೆರಡು ಪ್ರೀಆಂಪ್ ಹಾದು ಟ್ಯೂಬಿನ ಗುಣ ಮಸುಕಾಗುತ್ತದೆ. ಅಡಾಪ್ಟರ್ ಮೇಲಿನ ಬರಹ ಓದಿ. ಯುಎಇಯಲ್ಲಿ ಮನೆಯ ವಿದ್ಯುತ್ತು 230 ವೋಲ್ಟ್, 50 ಹರ್ಟ್ಜ್. ಅಮೆರಿಕದಿಂದ ತರಿಸಿದ 120 ವೋಲ್ಟ್ ಅಡಾಪ್ಟರ್ ಸುಟ್ಟುಹೋಗುತ್ತದೆ. 9 ವೋಲ್ಟ್ ಎಸಿ ಕೇಳುವ ಪೆಟ್ಟಿಗೆಗೆ ಡಿಸಿ ಅಡಾಪ್ಟರ್ ಆಗದು. ಟ್ಯೂಬು ಸಾಕೆಟ್ಟಿನಲ್ಲಿದ್ದು ಬದಲಿಸಲು ಬರುವಂತಿದ್ದರೆ ಒಳ್ಳೆಯದು.

ಖರ್ಚಿನ ಕ್ರಮ ನನ್ನ ಮಟ್ಟಿಗೆ ಸ್ಪಷ್ಟ: ಮೊದಲು ಕೋಣೆ, ಆಮೇಲೆ ಮೈಕು, ಕೊನೆಗೆ ಟ್ಯೂಬು. ಮೊದಲೆರಡು ಸರಿಯಾದ ಮೇಲೆ ಗೆಳೆಯರ ಪೆಟ್ಟಿಗೆಯೊಂದನ್ನು ತಂದು ಪರೀಕ್ಷಿಸಿ. ಒಂದೇ ಪಲ್ಲವಿಯನ್ನು ಇಂಟರ್‌ಫೇಸಿನಲ್ಲಿ ನೇರವಾಗಿಯೂ ಟ್ಯೂಬಿನ ಮೂಲಕವೂ ಮುದ್ರಿಸಿ, ಎರಡರ ಮಟ್ಟವನ್ನೂ ಸಮ ಮಾಡಿ. ಜೋರಾಗಿರುವುದೇ ಚೆಂದವೆಂದು ಕಿವಿ ಮೋಸಹೋಗುತ್ತದೆ. ಯಾವುದು ಯಾವುದೆಂದು ನೋಡದೆ ಕೇಳಿ, ಮನೆಯವರಿಗೂ ಕೇಳಿಸಿ. ಟ್ಯೂಬಿನದೇ ಪದೇಪದೇ ಇಷ್ಟವಾದರೆ ಧೈರ್ಯವಾಗಿ ಕೊಳ್ಳಿ. ಗುರುತೇ ಹತ್ತದಿದ್ದರೆ ಆ ದಿರ್ಹಮ್‌ಗಳನ್ನು ಇನ್ನೂ ಒಳ್ಳೆಯ ಮೈಕಿಗೆ ಹಾಕಿ. ಹಾಡಿಗೆ ಅದರಿಂದಲೇ ಹೆಚ್ಚು ಲಾಭ.