ಹಾಡಿನ ಹಕ್ಕು, ಊರಿನ ಪಾಲು

ಜನಪದದ ಛಾಯೆಯುಳ್ಳ ಪಾಪ್ ಆಲ್ಬಂ ಬರಲಿದೆ ಎಂಬ ಸುದ್ದಿ ನಗರಗಳಲ್ಲಿ ಈಗ ಕುತೂಹಲ ಕೆರಳಿಸುತ್ತದೆ. ರಘು ದೀಕ್ಷಿತ್ ಅವರ 2008ರ ಚೊಚ್ಚಲ ಆಲ್ಬಂ ಶಿಶುನಾಳ ಶರೀಫರ ತತ್ತ್ವಪದಗಳನ್ನು ಗಿಟಾರಿನೊಡನೆ ಹೊಸ ಪೀಳಿಗೆಗೆ ಮುಟ್ಟಿಸಿತು. ಇದು ಸ್ವಾಗತಾರ್ಹ. ಆದರೆ ಜನಪದಕ್ಕೆ ನಾವೆಲ್ಲರೂ ಸಲ್ಲಿಸಬೇಕಾದ ಲೆಕ್ಕವೊಂದು ಬಾಕಿ ಉಳಿದಿದೆ.

ಶರೀಫರು ತೀರಿಕೊಂಡದ್ದು 1889ರಲ್ಲಿ. ಕರ್ತೃವಿನ ನಿಧನಾನಂತರ 60 ವರ್ಷಕ್ಕೆ ಕೃತಿಸ್ವಾಮ್ಯ ಮುಗಿಯುವುದರಿಂದ ಆ ಪದಗಳು ಇಂದು ಎಲ್ಲರ ಸ್ವತ್ತು. ಅಂಥ ಪದಗಳ ಧಾಟಿಗಳನ್ನು ಬಾಯಿಂದ ಬಾಯಿಗೆ ಉಳಿಸಿಕೊಂಡು ಬಂದವರು ಮಾತ್ರ ಬಾಡಗಂಡಿಯಂಥ ಊರುಗಳ ಭಜನಾ ಮೇಳದವರು. ಆಲಮಟ್ಟಿಯ ಹಿನ್ನೀರಿಗೆ ಹೊಲ ಕಳೆದುಕೊಂಡ ಬೀಳಗಿ ಸೀಮೆಯ ರೈತನಿಗೆ ಕಾನೂನಿನಲ್ಲಿ ಪರಿಹಾರವುಂಟು, ಧಾಟಿ ಕೊಟ್ಟವನಿಗಿಲ್ಲ. ಕೃತಿಸ್ವಾಮ್ಯ ಕಾಯ್ದೆಯ 2012ರ ತಿದ್ದುಪಡಿಯು ಗಾಯಕನ ಧ್ವನಿಮುದ್ರಿತ ಹಾಡಿಗೆ ರಾಯಧನದ ಹಕ್ಕು ನೀಡಿತೇ ಹೊರತು, ಅವನಿಂದ ಕೇಳಿ ಕಲಿತ ಧಾಟಿಗಲ್ಲ.

ಕಾನೂನು ನಿಂತಲ್ಲಿಂದ ಸೌಜನ್ಯ ಮುಂದುವರಿಯಬೇಕು. ಅಮೆರಿಕದ ಬಿಯಾನ್ಸೆ ಅಲ್ಲಿನ ಹಳ್ಳಿಗಾಡಿನ ‘ಕಂಟ್ರಿ’ ಸಂಗೀತದತ್ತ ಹೊರಳಿದ 2024ರ ‘ಕೌಬಾಯ್ ಕಾರ್ಟರ್’ ಆಲ್ಬಂನಲ್ಲಿ, ನೇಪಥ್ಯಕ್ಕೆ ಸರಿದಿದ್ದ ಹಿರಿಯ ಕಂಟ್ರಿ ಗಾಯಕಿ ಲಿಂಡಾ ಮಾರ್ಟೆಲ್ ಅವರ ದನಿಗೇ ಎಡೆ ಮಾಡಿಕೊಟ್ಟರು. ನಮ್ಮ ಮುಂಬರುವ ಆಲ್ಬಂಗಳೂ ಮೇಳವನ್ನು ಕರೆಸಿ ಹಾಡಿಸಲಿ, ಊರಿನ ಹೆಸರು ನಮೂದಿಸಲಿ, ಗಳಿಕೆಯಲ್ಲಿ ಪಾಲು ಕೊಡಲಿ. ಏಕತಾರಿ, ದಮ್ಮಡಿಗಳು ಮೌನವಾದರೆ ನಾಳೆ ಗಿಟಾರಿಗೆ ಧಾಟಿಯನ್ನು ಎಲ್ಲಿಂದ ತರುವುದು?